ಗುಡ್ಡದ ಮೇಲೊಂದು ಸುಳ್ಳು ಸಜ್ಜೆ

ದಸರೆ ಮುಗಿದ ಮರುವಾರ ಅವ್ವ ಊರಿಂದ ಬಂದಳು. ಬಾಗಲಕೋಟೆ ಕಡೆಯ ರಾತ್ರಿ ಬಸ್ಸು ಅವಳನ್ನು ವಾಶಿಯಲ್ಲಿ ಇಳಿಸಿತ್ತು. ಅಲ್ಲಿಂದ ಠಾಣೆಗೆ ಒಂದು ಲೋಕಲ್, ಠಾಣೆಯಲ್ಲಿ ಸೇತುವೆ ಹತ್ತಿ ಇಳಿದು ಡೊಂಬಿವಲಿಗೆ ಇನ್ನೊಂದು. ಬೆಳಗಿನ ಹೊತ್ತು ಜನ ಜೋತುಬೀಳುವುದು ಮುಂಬೈ ಕಡೆಯ ಗಾಡಿಗಳಿಗೆ. ನಾವು ಎದುರು ದಿಕ್ಕಿಗೆ ಹೊರಟಿದ್ದರಿಂದ ಅವ್ವನಿಗೆ ಕಿಟಕಿಯೇ ಸಿಕ್ಕಿತು. ಕಳವಾ ದಾಟಿ ಮುಂಬ್ರಾದ ಗುಡ್ಡ ಹತ್ತಿರವಾಗುತ್ತಲೇ ಅವಳು ಸೆರಗು ಸರಿಮಾಡಿಕೊಂಡು ಮುಂದಕ್ಕೆ ಬಾಗಿದಳು. ಬಿಸಿಲು ಆಗಷ್ಟೇ ಇಳಿಜಾರಿಗೆ ಬಿದ್ದಿತ್ತು. ಅಲ್ಲೆಲ್ಲ ಆಳೆತ್ತರದ ಹುಲ್ಲು. ಪ್ರತಿ ಕಡ್ಡಿಯ ತುದಿಗೂ ಹೊಂಬಣ್ಣದ ಒಂದು ತೆನೆ.

"ಏ ತಮ್ಮಾ, ಇಲ್ಲಿ ಗುಡ್ಡದ ಮ್ಯಾಲೂ ಸಜ್ಜಿ ಬಿತ್ತ್ಯಾರಲ್ಲೋ! ಕೊಯ್ಯಾಕ ಹೆಂಗ ಹತ್ತತಾರ?"

"ಯಾರೂ ಬಿತ್ತಿಲ್ಲವ್ವ. ಬರೇ ಹುಲ್ಲು ಅದು, ತಾನಾಗೇ ಬಂದೈತಿ."

ಅವಳಿಗೆ ನಂಬಿಕೆ ಬರಲಿಲ್ಲ. ಐವತ್ತು ವರ್ಷ ಸಜ್ಜೆಯ ಹೊಲದಲ್ಲಿ ಕಳೆ ತೆಗೆದವಳು ಅವಳು. ಇಪ್ಪತ್ತು ವರ್ಷದಿಂದ ಅದೇ ಗಾಡಿಯಲ್ಲಿ ಅದೇ ಗುಡ್ಡವನ್ನು ನೋಡುತ್ತ, ಪ್ರತಿ ಅಕ್ಟೋಬರಿನಲ್ಲೂ ಮೊಬೈಲಿನಲ್ಲಿ ಅದರ ಚಿತ್ರ ತೆಗೆಯುತ್ತ ಬಂದವನು ನಾನು. ನೋಡಿದ್ದೇನೆ, ಗುರುತಿಸಿಲ್ಲ. ಕಲ್ಯಾಣದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ, ಧಾರವಾಡ ಕಡೆಯ ಹಿರಿಯರೊಬ್ಬರು ನಮ್ಮ ಪಕ್ಕದ ಓಣಿಯಲ್ಲೇ ಇದ್ದಾರೆ. ಸಂಜೆ ಅವರಿಗೆ ಈ ಕತೆ ಹೇಳಿ ನಕ್ಕೆ. ಅವರು ನಗಲಿಲ್ಲ. "ನಿಮ್ಮ ಅವ್ವಾರು ಕುಲ ಸರಿಯಾಗೇ ಗುರುತಿಸ್ಯಾರ. ತಪ್ಪಿದ್ದು ಜಾತಿ ಒಂದ" ಅಂದರು.

ಕುಲ ಸರಿ, ಜಾತಿ ಬೇರೆ

ಸಜ್ಜೆಯದು ಪೆನ್ನಿಸೇಟಂ ಕುಲ. ಲ್ಯಾಟಿನ್ನಿನ ಗರಿ, ಬಿರುಗೂದಲು ಎಂಬೆರಡು ಮಾತು ಕೂಡಿ ಆದ ಹೆಸರು. ಗುಡ್ಡದ ಹುಲ್ಲೂ ಅದೇ ಕುಲದ್ದು: ಪೆನ್ನಿಸೇಟಂ ಪಾಲಿಸ್ಟ್ಯಾಕಿಯಾನ್. ಲಿನೇಯಸ್ 1759ರಲ್ಲೇ ಇದಕ್ಕೊಂದು ಹೆಸರಿಟ್ಟ. ಆಗ ಅದನ್ನು ಸಾಮೆ, ಬರಗುಗಳ ಸಾಲಿಗೆ ಸೇರಿಸಿದ್ದ. 2010ರಲ್ಲಿ ಸಸ್ಯವಿಜ್ಞಾನಿಗಳು ಇಡೀ ಕುಲವನ್ನೇ ಸೆಂಕ್ರಸ್ ಎಂಬ ಇನ್ನೊಂದು ಕುಲದೊಳಗೆ ಸೇರಿಸಿದರು. ಹೀಗಾಗಿ ಹೊಸ ಪುಸ್ತಕಗಳಲ್ಲಿ ಇದು ಸೆಂಕ್ರಸ್ ಪಾಲಿಸ್ಟ್ಯಾಕಿಯೋಸ್. ಇಂಗ್ಲಿಷಿನವರು ಮಿಷನ್ ಗ್ರಾಸ್ ಎನ್ನುತ್ತಾರೆ. ನಮ್ಮ ಮನೆಯ ಹುಡುಗರು ಅದರ ತೆನೆಯಿಂದ ಒಬ್ಬರ ಕುತ್ತಿಗೆಗೆ ಒಬ್ಬರು ಕಚಗುಳಿ ಇಡುತ್ತ ಇಟ್ಟ ಹೆಸರು ನರಿಬಾಲ. ಈ ಲೇಖನದ ಮಟ್ಟಿಗೆ ಅದೇ ಇರಲಿ.

ನರಿಬಾಲದ ತವರು ಆಫ್ರಿಕಾದ ಉಷ್ಣವಲಯ. ಅಲ್ಲಿಂದ ಹೊರಟು ಏಷ್ಯಾ, ಆಸ್ಟ್ರೇಲಿಯಾ, ಪೆಸಿಫಿಕ್ ದ್ವೀಪಗಳಲ್ಲೆಲ್ಲ ನೆಲೆಯೂರಿದೆ. ಅಮೆರಿಕವು ಇದನ್ನು ಕೇಂದ್ರ ಸರ್ಕಾರದ ಹಾನಿಕಾರಕ ಕಳೆಗಳ ಪಟ್ಟಿಯಲ್ಲಿ ಇಟ್ಟಿದೆ. ಉತ್ತರ ಆಸ್ಟ್ರೇಲಿಯಾದ ಕಾಡುಗಳಿಗೆ ನುಗ್ಗಿರುವ ಹೊರಗಿನ ಹುಲ್ಲುಗಳನ್ನು ಅಲ್ಲಿನ ಸರ್ಕಾರ 2009ರಲ್ಲಿ ಜೀವಜಾಲಕ್ಕೆ ಎದುರಾದ ಮುಖ್ಯ ಬೆದರಿಕೆ ಎಂದು ಸಾರಿತು; ಆ ಐದು ಹುಲ್ಲುಗಳಲ್ಲಿ ಇದೂ ಒಂದು. ಕೇರಳದ ಘಟ್ಟಗಳಲ್ಲೂ ಇದರ ಕಾಟವಿದೆ.

ಆಫ್ರಿಕಾದಿಂದ ಬಂದದ್ದೇ ಅಪರಾಧವೆನ್ನಲು ಬಾರದು. ಸಜ್ಜೆಯೂ ಅಲ್ಲಿಂದಲೇ ಬಂದದ್ದು. ಸಹಾರಾ ಮರುಭೂಮಿಯ ದಕ್ಷಿಣದಂಚಿನಲ್ಲಿ, ಇಂದಿನ ಮಾಲಿ ದೇಶದ ಸುತ್ತ, ಸುಮಾರು 4,500 ವರ್ಷಗಳ ಹಿಂದೆ ಮನುಷ್ಯರು ಅದನ್ನು ಪಳಗಿಸಿದರು. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ, ತುಂಗಭದ್ರೆಯ ದಡದ ನವಶಿಲಾಯುಗದ ನೆಲೆಯಲ್ಲಿ, ಸಜ್ಜೆಯ ಕರಕಲಾದ ಕಾಳುಗಳು ಸಿಕ್ಕಿವೆ. ಅಂದರೆ ಮೂರೂವರೆ ಸಾವಿರ ವರ್ಷಗಳಷ್ಟು ಹಿಂದೆಯೇ ಅದು ನಮ್ಮ ನೆಲದಲ್ಲಿತ್ತು. ಸಂಕ್ರಾಂತಿಗೆ ಎಳ್ಳು ಹಚ್ಚಿ ತಟ್ಟುವ ಸಜ್ಜೆ ರೊಟ್ಟಿಯನ್ನು ಪರದೇಶಿ ಎಂದರೆ ಬಾಗಲಕೋಟೆಯಲ್ಲಿ ಯಾರೂ ಒಪ್ಪುವುದಿಲ್ಲ.

ಹಾಗಾದರೆ ಒಂದೇ ಕುಲದ ಈ ಇಬ್ಬರಲ್ಲಿ ಒಂದು ಅನ್ನವಾಗಿ ಇನ್ನೊಂದು ಕಳೆಯಾದದ್ದು ಹೇಗೆ? ಸಜ್ಜೆಯ ಕಾಳು ಬಲಿತರೂ ಉದುರುವುದಿಲ್ಲ, ನಾವು ಕುಡುಗೋಲು ಹಿಡಿದು ಬರುವವರೆಗೂ ತೆನೆಯಲ್ಲೇ ಕೂತಿರುತ್ತದೆ. ನರಿಬಾಲ ಬಲಿತ ಗಳಿಗೆಗೇ ಬಿಟ್ಟು ಹೊರಡುತ್ತದೆ. ನಮ್ಮ ಕಾಲಕ್ಕೆ ಕಾಯುವುದು ಬೆಳೆ, ತನ್ನ ಕಾಲಕ್ಕೆ ಹೊರಡುವುದು ಕಳೆ. ಈ ಹುಲ್ಲಿನ ಬಾಳೆಲ್ಲ ಪಂಚಾಂಗದ ಪ್ರಕಾರವೇ ನಡೆಯುತ್ತದೆ. ಅದನ್ನು ಎದುರಿಸಹೊರಟ ನಾವು ಮಾತ್ರ ಒಂದೊಂದು ಸಲವೂ ಮುಹೂರ್ತ ಮೀರಿದ ಮೇಲೆ ಬರುತ್ತೇವೆ.

ಉತ್ತರೆ: ಯಾರೂ ನೋಡದ ದಿನಗಳು

ಅವ್ವ ತಿಂಗಳನ್ನು ಲೆಕ್ಕ ಹಾಕುವುದು ಮಳೆಗಳಲ್ಲಿ. ಉತ್ತರೆ ಸೆಪ್ಟೆಂಬರ್ 13ರ ಸುಮಾರಿಗೆ ಶುರು, ಹಸ್ತ 27ಕ್ಕೆ, ಚಿತ್ತೆ ಅಕ್ಟೋಬರ್ 10ರ ಹೊತ್ತಿಗೆ, ಸ್ವಾತಿ 23–24ಕ್ಕೆ. ನರಿಬಾಲಕ್ಕೂ ಈ ಲೆಕ್ಕ ಚೆನ್ನಾಗಿ ಒಗ್ಗುತ್ತದೆ.

ಜೂನಿನಲ್ಲಿ ಮೊಳೆತ ಹುಲ್ಲು ಉತ್ತರೆಯ ಹೊತ್ತಿಗೆ ಎದೆಮಟ್ಟ ಬಂದಿರುತ್ತದೆ. ಮುಂದೆ ಎರಡು ಮೀಟರ್ ದಾಟುವುದೂ ಉಂಟು. ಜೋಳ, ಕಬ್ಬು, ಸಜ್ಜೆಗಳಂತೆ ಬಿಸಿಲನ್ನು ಬಲು ಜಾಣತನದಿಂದ ಬಳಸುವ ಜಾತಿ ಇದು. ಗಾಳಿಯಲ್ಲಿನ ಇಂಗಾಲವನ್ನು ಎಲೆಯೊಳಗೆ ಒಮ್ಮೆ ಹಿಡಿದು, ಒಟ್ಟುಗೂಡಿಸಿ, ಆಮೇಲೆ ಸಕ್ಕರೆ ಕಟ್ಟುವ ವಿಧಾನ ಇವುಗಳದ್ದು. ಕಾವು ಏರಿದಷ್ಟೂ ಬೆಳವಣಿಗೆ ಜೋರು. ನೆರಳು ಮಾತ್ರ ಆಗಿಬರುವುದಿಲ್ಲ. ಮರ ದಟ್ಟವಾಗಿರುವ ಕಡೆ ಇದರ ಆಟ ನಡೆಯುವುದಿಲ್ಲ. ಮರ ಕಡಿದ ಕಡೆ, ಮಣ್ಣು ಅಗೆದ ಕಡೆ, ಒಮ್ಮೆ ಬೆಂಕಿ ಬಿದ್ದ ಕಡೆ ಇದೇ ಮೊದಲು.

ಇಂಥ ನೆಲಕ್ಕೆ ನಮ್ಮಲ್ಲಿ ಬರವೇ? 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿತು. ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. 1916ರಲ್ಲಿ ಪಾರಸಿಕ್ ಗುಡ್ಡದ ಹೊಟ್ಟೆ ಬಗೆದು ಸುರಂಗ ತೆರೆದರು. 1970ರಲ್ಲಿ ಊರು ಕಟ್ಟುವ ಸರ್ಕಾರಿ ಸಂಸ್ಥೆ ಸಿಡ್ಕೋ ಹುಟ್ಟಿ ನವಿ ಮುಂಬೈ ಏಳತೊಡಗಿತು. ಪಾರಸಿಕ್ ಸಾಲಿನ ಕಲ್ಲುಕ್ವಾರಿಗಳು ಆ ಊರಿಗೆ ಜಲ್ಲಿ ಒದಗಿಸಿದವು. ಒಂದೂಮುಕ್ಕಾಲು ಶತಮಾನದಿಂದ ಇಲ್ಲಿ ಯಾವುದೋ ಒಂದು ಕಡೆ ನೆಲ ಅಗೆಯುತ್ತಲೇ ಇದ್ದಾರೆ. ಹಳಿಯ ಏರಿ, ಹೈಟೆನ್ಶನ್ ತಂತಿಯ ಕೆಳಗಿನ ಓಣಿ, ಕಟ್ಟಡದ ಕೆಲಸ ನಿಂತ ಪ್ಲಾಟು, ಕ್ವಾರಿಯ ಬೋಳು ಮೆಟ್ಟಿಲು: ಬಿಸಿಲು ಬೀಳುವ, ಯಾರದ್ದೂ ಅಲ್ಲದ ಇಂಥ ನೆಲವನ್ನು ಹುಲ್ಲು ಹುಡುಕಿಕೊಂಡು ಬರುತ್ತದೆ.

ಉತ್ತರೆಯಲ್ಲಿ ಇದನ್ನು ಯಾರೂ ಗುರುತಿಸುವುದಿಲ್ಲ. ತೆನೆ ಇಲ್ಲದ ಹುಲ್ಲೆಲ್ಲ ನಮಗೆ ಒಂದೇ ಹಸಿರು. ದನ ಎಮ್ಮೆ ಬಾಯಿ ಹಾಕುವುದೂ ಈಗಲೇ, ಎಲೆ ಎಳೆಯದಾಗಿರುವಾಗ. ತೆನೆ ಬಂದ ಮೇಲೆ ಕಡ್ಡಿ ಒರಟಾಗಿ ಅವು ಮೂಸಿ ಬಿಡುತ್ತವೆ. ಕಿತ್ತರೆ, ಕೊಯ್ದರೆ ಉಪಯೋಗವಾಗುವ ದಿನಗಳು ಇವೇ. ಆದರೆ ಅದು ಇನ್ನೂ ಚೆಂದ ಕಾಣುತ್ತಿಲ್ಲವಲ್ಲ, ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಚಿತ್ತೆ: ಕರಿ ಹಾಳೆಯ ಮೇಲೆ ಹಳದಿ ಪುಡಿ

ಸಸ್ಯಶಾಸ್ತ್ರದ ಮೇಷ್ಟ್ರು ಹೇಳಿಕೊಟ್ಟಂತೆ ಮಾಡಿದೆ. ಅರ್ಧ ಹೊರಬಿದ್ದಿದ್ದ ನಾಲ್ಕು ತೆನೆಗಳನ್ನು ಸಂಜೆ ಕಡಿದು ತಂದು, ನೀರಿನ ಲೋಟದಲ್ಲಿಟ್ಟು, ಕೆಳಗೆ ಕರಿಯ ಡ್ರಾಯಿಂಗ್ ಹಾಳೆ ಹಾಸಿ ಕಿಟಕಿಯ ಕಟ್ಟೆಯ ಮೇಲೆ ಬಿಟ್ಟೆ. ಫ್ಯಾನು ಬಂದ್.

ಹುಲ್ಲಿನ ಹೂವಿಗೆ ದಳವಿಲ್ಲ, ಬಣ್ಣವಿಲ್ಲ, ಮಕರಂದವಿಲ್ಲ. ಜೇನನ್ನು ಕರೆಯುವ ಅಗತ್ಯವೇ ಅದಕ್ಕಿಲ್ಲ, ಗಾಳಿ ಸಾಕು. ಎರಡು ಹೊಟ್ಟಿನ ನಡುವೆ ಹೂವು ಮುಚ್ಚಿಕೊಂಡಿರುತ್ತದೆ. ಬಹಳಷ್ಟು ಹುಲ್ಲುಗಳಲ್ಲಿ ಹೂವಿನ ಬುಡಕ್ಕೆ ಕಣ್ಣಿಗೆ ಕಾಣದಷ್ಟು ಪುಟ್ಟ ತಿರುಳಿನ ಬಿಲ್ಲೆಗಳಿದ್ದು, ಅವು ನೀರು ಕುಡಿದು ಉಬ್ಬಿದಾಗ ಹೊಟ್ಟು ಬಾಯ್ಬಿಡುತ್ತದೆ. ಈ ಕುಲದಲ್ಲಿ ಹೆಣ್ಣಿನ ಸರದಿ ಮೊದಲು. ಸಜ್ಜೆಯ ಹೊಲದಲ್ಲಿ ಎಳೆ ತೆನೆಯನ್ನು ಹತ್ತಿರದಿಂದ ನೋಡಿದವರಿಗೆ ಇದು ಗೊತ್ತು: ಮೊದಲು ಗರಿಯಂಥ ಬಿಳಿ ಕುಂಚಗಳು ಹೊರಗೆ ಇಣುಕುತ್ತವೆ, ಒಂದೆರಡು ದಿನ ಬಿಟ್ಟು ಪರಾಗದ ಚೀಲಗಳು ಎಳೆಯಿಂದ ಜೋತುಬೀಳುತ್ತವೆ. ತನ್ನ ಪರಾಗ ತನಗೇ ಬೀಳದಿರಲಿ, ಪಕ್ಕದವರದು ಮೊದಲು ಬರಲಿ ಎಂಬ ಏರ್ಪಾಡು.

ಬೆಳಗ್ಗೆ ಎದ್ದಾಗ ಹಾಳೆಯ ಮೇಲೆ ತೆಳು ಹಳದಿ ಪುಡಿ ಬಿದ್ದಿತ್ತು. ನಾಲ್ಕು ತೆನೆಗಳ ಸುತ್ತ ನಾಲ್ಕು ಉಂಗುರ. ಬಾಗಿ ನೋಡುವಾಗ ನನ್ನ ಉಸಿರಿಗೇ ಒಂದು ಉಂಗುರ ಅರ್ಧ ಅಳಿಸಿಹೋಯಿತು.

ಹಾಳೆಯನ್ನು ಮಡಿಚಿಕೊಂಡು ಮೇಷ್ಟ್ರ ಮನೆಗೆ ಹೋದೆ. ಅವರಲ್ಲಿ ಕಾಲೇಜಿನ ಕಾಲದ ಹಳೆಯ ಮೈಕ್ರೋಸ್ಕೋಪ್ ಇದೆ, ಕನ್ನಡಿ ತಿರುಗಿಸಿ ಬೆಳಕು ಹಿಡಿಯುವಂಥದ್ದು. ಚಿಟಿಕೆ ಪುಡಿ, ಒಂದು ಹನಿ ಬಣ್ಣದ ಜೆಲ್ಲಿ, ಮೇಲೆ ತೆಳು ಗಾಜು. ಮೊದಲು ಮಂಜು, ಆಮೇಲೆ ಥಟ್ಟನೆ ತಿಳಿಗುಲಾಬಿ ಗೋಲಿಗಳು. ಮುಳ್ಳಿಲ್ಲ, ಗೀರಿಲ್ಲ, ನುಣುಪಾದ ಮೈ. ಪ್ರತಿ ಗೋಲಿಗೂ ಒಂದೇ ಒಂದು ತೂತು, ಅದರ ಸುತ್ತ ಬಳೆಯಂತೆ ದಪ್ಪ ಅಂಚು, ಮಧ್ಯೆ ಒಂದು ಪುಟ್ಟ ಮುಚ್ಚಳ. ಪರಾಗ ಕುಂಚಕ್ಕೆ ತಾಗಿ ತೇವ ಹೀರಿದಾಗ ಆ ಮುಚ್ಚಳ ಸರಿದು, ತೂತಿನಿಂದ ಒಂದು ನಳಿಕೆ ಹೊರಟು ಅಂಡಾಶಯದವರೆಗೆ ಇಳಿಯುತ್ತದೆ. ದಾಸವಾಳದ ಮುಳ್ಳುಮುಳ್ಳಿನ ಪರಾಗ ಕೀಟದ ಕಾಲಿಗೆ ಅಂಟಿಕೊಂಡು ಹೋಗುವಂಥದ್ದು. ಇದಕ್ಕೆ ಅಂಟುವ ಕೆಲಸವಿಲ್ಲ, ಮೈ ಹಗುರವಾಗಿ ನುಣುಪಾಗಿದ್ದರೆ ಸಾಕು. ಹುಲ್ಲುಗಳ ಪರಾಗ ಬಹುಮಟ್ಟಿಗೆ 20ರಿಂದ 60 ಮೈಕ್ರಾನ್ ಒಳಗೇ ಇರುತ್ತದೆ. ಮೆಕ್ಕೆಜೋಳದಂಥ ಬೆಳೆಗಳದ್ದು ಮಾತ್ರ ನೂರರ ಹತ್ತಿರ ಹೋಗುತ್ತದೆ.

ಇನ್ನೊಂದು ಗಾಜಿಗೆ ಮೇಷ್ಟ್ರು ಅಯೋಡಿನ್ ಹನಿ ಬಿಟ್ಟರು. ಗೋಲಿಗಳು ನೋಡನೋಡುತ್ತಿದ್ದಂತೆ ಕಪ್ಪಾದವು. ಒಳಗೆ ಪಿಷ್ಟ ತುಂಬಿದೆ ಎಂದು ಅರ್ಥ, ದಾರಿಬುತ್ತಿ ಅದು. ಅಲ್ಲಲ್ಲಿ ಕೆಲವು ಬಣ್ಣ ಹಿಡಿಯದೆ ಸುಕ್ಕಾಗಿ ಉಳಿದವು. "ಅವು ಜೊಳ್ಳು" ಅಂದರು. ಹೈನುಗಾರಿಕೆಯವರು ಬದುವಿನಲ್ಲಿ ನೆಡುವ ಸಜ್ಜೆ–ನೇಪಿಯರ್ ಮಿಶ್ರತಳಿಯ ಮೇವಿನದ್ದಾದರೆ ಎಲ್ಲ ಜೊಳ್ಳೇ. ಎರಡು ಜಾತಿಗಳ ವರ್ಣತಂತುಗಳು ಅದರಲ್ಲಿ ಜೋಡಿಯಾಗದೆ ಉಳಿದು ಪರಾಗ ಬಂಜೆಯಾಗಿರುತ್ತದೆ. ಅದಕ್ಕೇ ರೈತರು ಆ ಹುಲ್ಲನ್ನು ಕಡ್ಡಿ ಊರಿ ಬೆಳೆಸುವುದು. ಅದಕ್ಕೇ ಅದು ಹೊಲ ಬಿಟ್ಟು ಗುಡ್ಡ ಹತ್ತದೆ ಇರುವುದು.

ಈ ಬುತ್ತಿ ಎಷ್ಟು ಹೊತ್ತಿಗೆ? ಹುಲ್ಲಿನ ಪರಾಗ ಚೀಲದಿಂದ ಹೊರಬೀಳುವಾಗಲೇ ಪೂರ್ತಿ ಸಿದ್ಧವಾಗಿರುತ್ತದೆ, ಒಳಗೆ ಮೂರು ಕೋಶಕೇಂದ್ರಗಳೊಂದಿಗೆ. ಹೀಗೆ ಸಿದ್ಧವಾಗಿ ಬರುವ ಪರಾಗಕ್ಕೆ ಆಯಸ್ಸು ಕಡಿಮೆ, ಕೆಲವು ನಿಮಿಷದಿಂದ ಕೆಲವು ಗಂಟೆ. ಮಧ್ಯಾಹ್ನದ ಹೊತ್ತಿಗೆ ನನ್ನ ಕರಿ ಹಾಳೆಯ ಮೇಲಿದ್ದದ್ದು ಹುಲ್ಲಿನ ಪಾಲಿಗೆ ಬರೀ ಧೂಳು. ಮನುಷ್ಯನ ಮೂಗಿನ ಪಾಲಿಗೆ ಹಾಗಲ್ಲ. ಸತ್ತ ಪರಾಗದಲ್ಲೂ ಅಲರ್ಜಿಯ ಪ್ರೋಟೀನು ಹಾಗೇ ಉಳಿದಿರುತ್ತದೆ.

ಗಾಳಿಯಲ್ಲಿ ಸಾಕ್ಷಿ ಇದೆ, ಆರೋಪಿಯ ಮುಖವಿಲ್ಲ

ಮುಂಬೈ ಸೀಮೆಯಿಂದ ಮುಂಗಾರು ಹಿಂದೆಗೆಯುವುದು ಸಾಮಾನ್ಯವಾಗಿ ಅಕ್ಟೋಬರ್ 8ರ ಸುಮಾರಿಗೆ. ಅಲ್ಲಿಯವರೆಗೆ ಗಾಳಿಯನ್ನು ತೊಳೆಯುತ್ತಿದ್ದ ಮಳೆ ನಿಂತ ವಾರವೇ ಲೋಕಲಿನ ಡಬ್ಬಿಗಳಲ್ಲಿ ಸೀನು ಶುರು. ಒಬ್ಬರು ಕಾರ್ಖಾನೆಯ ಹೊಗೆ ಎನ್ನುತ್ತಾರೆ, ಇನ್ನೊಬ್ಬರು ಕಟ್ಟಡದ ಧೂಳು, ಮತ್ತೊಬ್ಬರು ದೀಪಾವಳಿಯ ಪಟಾಕಿ. ಎಲ್ಲರ ಮಾತಿನಲ್ಲೂ ನಿಜವಿದೆ. ಮಳೆಗಾಲ ಕಳೆದ ಮೇಲೆ ಬೂಷ್ಟಿನ ಬೀಜಕಣಗಳೂ ಗಾಳಿಯಲ್ಲಿ ಹೇರಳ. ಈ ಗುಂಪಿನಲ್ಲಿ ಹುಲ್ಲನ್ನು ಮಾತ್ರ ಯಾರೂ ನೆನೆಯುವುದಿಲ್ಲ.

ಹುಲ್ಲಿನ ಪರಾಗಕ್ಕೂ ಸೀನಿಗೂ ನಂಟಿದೆ ಎಂದು ತೋರಿಸಿದವನು ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ಬ್ಲ್ಯಾಕ್‌ಲಿ, 1873ರ ತನ್ನ ಪುಸ್ತಕದಲ್ಲಿ. ಸ್ವತಃ ಅವನೇ ರೋಗಿ. ಪರಾಗವನ್ನು ತನ್ನ ಚರ್ಮಕ್ಕೂ ಮೂಗಿಗೂ ಹಚ್ಚಿಕೊಂಡು ನೋಡಿದ. ಅಂಟು ಬಳಿದ ಗಾಜನ್ನು ಗಾಳಿಪಟಕ್ಕೆ ಕಟ್ಟಿ ಹಾರಿಸಿ ಮೇಲಿನ ಗಾಳಿಯಲ್ಲೂ ಪರಾಗವಿದೆಯೆಂದು ಕಂಡುಕೊಂಡ. ಆಮೇಲೆ 1952ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದ ಜಿಮ್ ಹರ್ಸ್ಟ್ ಒಂದು ಯಂತ್ರ ಮಾಡಿದ. ಅದು ನಿಮಿಷಕ್ಕೆ ಹತ್ತು ಲೀಟರ್ ಗಾಳಿ ಎಳೆದುಕೊಳ್ಳುತ್ತದೆ, ಅಂದರೆ ಹೆಚ್ಚುಕಡಿಮೆ ಒಬ್ಬ ಮನುಷ್ಯನ ಉಸಿರಿನಷ್ಟು. ಒಳಗಿನ ಅಂಟುಪಟ್ಟಿ ಗಂಟೆಗೆ ಎರಡು ಮಿಲಿಮೀಟರ್ ಸರಿಯುತ್ತದೆ. ಪಟ್ಟಿಯನ್ನು ಬಿಡಿಸಿ ನೋಡಿದರೆ ಯಾವ ಗಂಟೆಯಲ್ಲಿ ಗಾಳಿಯಲ್ಲಿ ಏನಿತ್ತು ಎಂದು ಹೇಳಬಹುದು. ನಮ್ಮ ಬೆಂಗಳೂರು ವಿಶ್ವವಿದ್ಯಾಲಯದ ಶ್ರೀಪಾದ ಅಗಾಶೆಯವರಂಥವರು ಗಾಳಿಯ ಪರಾಗವನ್ನು ಲೆಕ್ಕಹಾಕುವ ಈ ವಿದ್ಯೆಯನ್ನು ನಮ್ಮಲ್ಲಿ ಬೆಳೆಸಿದರು. ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಗಿಡ, ಉಸಿರಿಗೂ ತೊಂದರೆ ಕೊಡುತ್ತದೆಂಬುದು ಇವತ್ತು ಹಳ್ಳಿಯವರಿಗೂ ಗೊತ್ತು.

ಆದರೆ ಕಾಂಗ್ರೆಸ್ ಗಿಡದ ಪರಾಗವನ್ನು ಅದರ ಮುಳ್ಳುಮೈಯಿಂದ ಗುರುತಿಸುವಂತೆ ನರಿಬಾಲವನ್ನು ಗುರುತಿಸಲಾಗದು. ಸಾವಿರಾರು ಜಾತಿಯ ಹುಲ್ಲುಗಳಿಗೂ ಅದೇ ಗೋಲಿ, ಅದೇ ಒಂದು ತೂತು, ಅದೇ ಬಳೆ. ಎಣಿಸುವವರು ಕೊನೆಗೆ ಬರೆಯುವುದು "ಹುಲ್ಲಿನ ಕುಟುಂಬ" ಎಂದಷ್ಟೇ. ಗಾಳಿಯಿಂದ ಡಿಎನ್‌ಎ ಸೋಸಿ ಜಾತಿ ಹೇಳುವ ವಿಧಾನ ಈಗ ಬಂದಿದೆಯಾದರೂ ಅದು ಓಣಿಯ ಲ್ಯಾಬಿನ ಕೆಲಸವಲ್ಲ. ಹಾಗಾಗಿ ಪಟ್ಟಿಯ ಮೇಲೆ ಬಿದ್ದ ಗೋಲಿ ಯಾರದ್ದೆಂದು ತಿಳಿಯಲು ಉಳಿದ ದಾರಿ ಒಂದೇ: ಆ ದಿನ, ಆ ಗುಡ್ಡದಲ್ಲಿ ಯಾವ ಹುಲ್ಲು ಹೂಬಿಟ್ಟಿತ್ತು ಎಂದು ಹೋಗಿ ನೋಡುವುದು. ಅವ್ವನ ಮಳೆ ಲೆಕ್ಕ ಇಲ್ಲಿ ಮೈಕ್ರೋಸ್ಕೋಪಿಗಿಂತ ಹೆಚ್ಚಿನದನ್ನು ಹೇಳುತ್ತದೆ.

ನರಿಬಾಲವನ್ನೇ ಏಕೈಕ ಅಪರಾಧಿ ಮಾಡುವುದೂ ಸರಿಯಲ್ಲ. ಗಣಪನಿಗೆ ಏರಿಸುವ ಗರಿಕೆಯ ಪರಾಗ ಜಗತ್ತಿನ ಅಲರ್ಜಿ ಚಿಕಿತ್ಸಾಲಯಗಳಲ್ಲೆಲ್ಲ ಹೆಸರುವಾಸಿ. ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆಯ ದ್ರಾವಣಗಳಲ್ಲಿ ಅದಕ್ಕೆ ಕಾಯಂ ಸ್ಥಾನವಿದೆ. ಹುಲ್ಲುಗಳೆಲ್ಲಕ್ಕೂ ಸಮಾನವಾದ ಒಂದು ಪ್ರೋಟೀನು ಇರುವುದರಿಂದ, ಗರಿಕೆಗೆ ಸೀನುವವನ ಮೂಗು ಅದರ ದೂರದ ನೆಂಟರನ್ನೂ ಗುರುತು ಹಿಡಿಯಬಲ್ಲದು. 2016ರ ನವೆಂಬರ್ 21ರ ಸಂಜೆ ಮೆಲ್ಬರ್ನಿನಲ್ಲಿ ಗುಡುಗುಗಾಳಿ ಎದ್ದಾಗ, ರೈ ಹುಲ್ಲಿನ ಪರಾಗ ತೇವಕ್ಕೆ ಒಡೆದು ಒಳಗಿನ ಪಿಷ್ಟದ ಕಣಗಳು ಗಾಳಿಗೆ ಚೆಲ್ಲಿ, ಸಾವಿರಾರು ಜನ ಉಸಿರುಗಟ್ಟಿ ಆಸ್ಪತ್ರೆಗೆ ಓಡಿದರು. ಹತ್ತು ಜನ ತೀರಿಕೊಂಡರು. ಆ ಕಣಗಳ ಮೇಲೆ ಕೂತು ಶ್ವಾಸಕೋಶಕ್ಕಿಳಿಯುವ ಐದನೇ ಗುಂಪಿನ ಪ್ರೋಟೀನು ತಂಪುನಾಡಿನ ಹುಲ್ಲುಗಳದ್ದು. ಗರಿಕೆ, ಸಜ್ಜೆ ಮನೆತನದ ಉಷ್ಣವಲಯದ ಹುಲ್ಲುಗಳಲ್ಲಿ ಅದಿಲ್ಲ. ಆದ್ದರಿಂದ ಆ ಭಯವನ್ನು ಹಾಗೇ ಎತ್ತಿ ಮುಂಬ್ರಾ ಗುಡ್ಡದ ಮೇಲೆ ಇಡಬೇಕಿಲ್ಲ. ಪ್ರತಿವರ್ಷ ಇದೇ ಹದಿನೈದು ದಿನ ಸೀನು ಬರುವವರು ಅದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ವೈದ್ಯರಿಗೆ ತೋರಿಸಿದರೆ ಸಾಕು. ಅರ್ಧ ರೋಗನಿದಾನ ಆ ತಾರೀಖಿನಲ್ಲೇ ಇರುತ್ತದೆ.

ಅಪ್ಪನ ಪಾಲಿಲ್ಲದ ಮಕ್ಕಳು

ಇಷ್ಟೊಂದು ಪರಾಗ ಚೆಲ್ಲುವ ಹುಲ್ಲಿನ ಸಂಸಾರದಲ್ಲಿ ಒಂದು ವಿಚಿತ್ರವಿದೆ. ಪೆನ್ನಿಸೇಟಂ ಕುಲದ ಹಲವು ಕಾಡುಹುಲ್ಲುಗಳೂ ನಮ್ಮ ತೇವದ ಓಣಿಗಳಲ್ಲಿ ಬೆಳೆಯುವ ಗಿನಿ ಹುಲ್ಲೂ ಗಂಡು ಹೆಣ್ಣು ಬೆರೆಯದೆಯೇ ಬೀಜ ಕಟ್ಟಬಲ್ಲವು. ಬೀಜದೊಳಗಿನ ಭ್ರೂಣ ತಾಯಿಯ ಪಡಿಯಚ್ಚು. ಗಿನಿ ಹುಲ್ಲಿನಲ್ಲಾದರೆ ಪರಾಗ ಬೀಳಲೇಬೇಕು, ಭ್ರೂಣದ ಆಹಾರದ ಚೀಲ ಕಟ್ಟುವುದಕ್ಕೆ; ಮಗುವಿಗೆ ಮಾತ್ರ ಅದರ ಗುಣ ಇಳಿಯುವುದಿಲ್ಲ. ಅಪ್ಪ ಅಡುಗೆಮನೆಗೆ ದಿನಸಿ ತಂದುಹಾಕುತ್ತಾನೆ, ವಂಶಾವಳಿಯಲ್ಲಿ ಅವನ ಹೆಸರಿಲ್ಲ.

ದಾಳಿಯಿಡುವ ಹುಲ್ಲಿಗೆ ಇದರಿಂದ ದೊಡ್ಡ ಲಾಭ. ಹೊಸ ಗುಡ್ಡಕ್ಕೆ ಒಂದೇ ಬೀಜ ಬಿದ್ದರೂ ಜೋಡಿಗಾಗಿ ಕಾಯಬೇಕಿಲ್ಲ. ಆ ನೆಲಕ್ಕೆ ಒಗ್ಗಿದ ತಾಯಿಯ ಪ್ರತಿಗಳು ಸಾಲುಸಾಲಾಗಿ ಏಳುತ್ತವೆ.

ಸ್ವಾತಿ ಕಳೆದ ಮೇಲೆ ಬಂದ ಕಟ್ಟರ್

ನರಿಬಾಲ ಹೌದೋ ಅಲ್ಲವೋ ತಿಳಿಯಲು ಸುಲಭ ಪರೀಕ್ಷೆಯೊಂದಿದೆ. ಬಲಿತ ತೆನೆಯ ಬುಡ ಹಿಡಿದು ಎರಡು ಬೆರಳನ್ನು ಮೇಲಕ್ಕೆ ಎಳೆಯಿರಿ. ಕಾಡು ನವಣೆಯಾದರೆ ಕಾಳು ಉದುರಿ, ಬಿರುಗೂದಲು ಕಡ್ಡಿಯಲ್ಲೇ ಉಳಿಯುತ್ತದೆ. ನರಿಬಾಲವಾದರೆ ಕಾಳು ಕೂದಲ ಸಮೇತ ಬಂದು, ಕೈಯಲ್ಲಿ ಹತ್ತಿಯಂಥ ಮುದ್ದೆಯೂ ಅಲ್ಲಿ ಬೋಳು ಕಡ್ಡಿಯೂ ಉಳಿಯುತ್ತವೆ. ಒಂದೊಂದು ಕಾಳಿನ ಸುತ್ತಲೂ ಸಣ್ಣ ರೋಮದ ಕೂದಲುಗಳ ಕುಚ್ಚು. ಅದರಲ್ಲಿ ಒಂದು ಮಾತ್ರ ಉಳಿದವಕ್ಕಿಂತ ಉದ್ದ. ಗಾಳಿ ಬಂದರೆ ಹಾರುತ್ತದೆ, ನಾಯಿಯ ಮೈಗೆ, ಪ್ಯಾಂಟಿನ ಅಂಚಿಗೆ, ಲಾರಿಯ ತಾಡಪತ್ರಿಗೆ ಅಂಟುತ್ತದೆ. ಗಾಡಿ ಹೋದಾಗ ಏಳುವ ಗಾಳಿಯೇ ಸಾಕು. ಹಳಿಯುದ್ದಕ್ಕೂ ಹೆದ್ದಾರಿಯುದ್ದಕ್ಕೂ ಇದು ಸಾಲುಕಟ್ಟಿ ನಿಂತಿರುವುದು ಸುಮ್ಮನೆ ಅಲ್ಲ.

ನಮ್ಮ ಸೊಸೈಟಿಯ ಹಿಂದೆ ಒಂದು ಇಳಿಜಾರು ಇದೆ. ಕೆಲವು ವರ್ಷಗಳ ಹಿಂದೆ ಹಾವಿನ ಭಯಕ್ಕೆ ಅದನ್ನು ಸವರಿಸಬೇಕೆಂದು ಸಭೆಯಲ್ಲಿ ತೀರ್ಮಾನವಾಯಿತು. ನಾನೂ ಕೈಯೆತ್ತಿದೆ. ಕೊಟೇಶನ್, ಒಪ್ಪಿಗೆ, ಮುಂಗಡ ಎಲ್ಲ ಮುಗಿದು ಗುತ್ತಿಗೆಯವರು ಕಟ್ಟರ್ ಯಂತ್ರ ಹಿಡಿದು ಬಂದದ್ದು ದೀಪಾವಳಿ ಕಳೆದು ವಾರಕ್ಕೆ, ಸ್ವಾತಿಯೂ ಮುಗಿದಿತ್ತು. ಯಂತ್ರದ ಹಲ್ಲಿಗೆ ಸಿಕ್ಕ ತೆನೆಗಳು ಚಿಂದಿಯಾಗಿ ಇಡೀ ಬೆಳಗ್ಗೆ ಹೊಂಬಣ್ಣದ ಹಿಮದಂತೆ ಹಾರಿದವು. ಮಕ್ಕಳು ಅದರ ಕೆಳಗೆ ಕುಣಿದರು. ಮುಂದಿನ ಮಳೆಗಾಲದಲ್ಲಿ ನರಿಬಾಲ ಇಳಿಜಾರು ಬಿಟ್ಟು ಪಾರ್ಕಿಂಗಿನ ಬಿರುಕು, ನೀರಿನ ಟ್ಯಾಂಕಿನ ಮಗ್ಗುಲು, ತುಳಸಿಕಟ್ಟೆಯ ಪಕ್ಕ ಎಲ್ಲ ಕಡೆ ಎದ್ದಿತು. ಹಣ ಕೊಟ್ಟು ಬಿತ್ತನೆ ಮಾಡಿಸಿದ್ದೆವು. ಅದೇ ಕೆಲಸ ಏಳು ವಾರ ಮೊದಲು ನಡೆದಿದ್ದರೆ ಅದು ಕೊಯ್ಲಾಗುತ್ತಿತ್ತು.

ಹೋಳಿಗೆ ಮುನ್ನವೇ ಕಾಮದಹನ

ಡಿಸೆಂಬರಿನಿಂದ ಗುಡ್ಡಗಳು ಒಣಗುತ್ತವೆ. ಆಮೇಲೆ ಒಂದು ರಾತ್ರಿ ಬಾಲ್ಕನಿಯಿಂದ ನೋಡಿದರೆ ದೂರದ ಏಣಿನ ಮೇಲೆ ಕೆಂಪು ಗೆರೆ ಹರಿದಾಡುತ್ತಿರುತ್ತದೆ. ಖಾರ್ಘರ್, ಪಾರಸಿಕ್, ಠಾಣೆಯ ಯೇವೂರ್ ಕಡೆಯವರಿಗೆ ಇದು ಹೊಸದಲ್ಲ. ಬೀಡಿಯ ತುಂಡೋ, ಕಸಕ್ಕಿಟ್ಟ ಬೆಂಕಿಯೋ, ಬೇಕೆಂದೇ ಹಚ್ಚಿದ್ದೋ, ಕಡ್ಡಿ ಗೀರುವವರು ಮನುಷ್ಯರೇ. ಹುಲ್ಲು ಉರುವಲು ಒದಗಿಸುತ್ತದೆ ಅಷ್ಟೇ.

ಆ ಉರುವಲಿನದೇ ಸಮಸ್ಯೆ. ಸಹ್ಯಾದ್ರಿಯ ನಾಡಹುಲ್ಲುಗಳು ಬಹಳಷ್ಟು ಮೊಣಕಾಲು, ಸೊಂಟದ ಮಟ್ಟದವು. ಅವುಗಳ ಬೆಂಕಿ ನೆಲದ ಮೇಲೆ ಬೇಗ ಹಾದುಹೋಗುತ್ತದೆ. ಆಳೆತ್ತರದ ದಟ್ಟ ಕಡ್ಡಿಗಳ ಬೆಂಕಿ ಎಳೆಮರದ ಕೊಂಬೆಗೇ ಮುಟ್ಟುತ್ತದೆ. ಉತ್ತರ ಆಸ್ಟ್ರೇಲಿಯಾದಲ್ಲಿ ಕಂಡ ಇನ್ನೊಂದು ಸಂಗತಿ ಎಂದರೆ, ನರಿಬಾಲ ಅಲ್ಲಿನ ನಾಡಹುಲ್ಲುಗಳಿಗಿಂತ ತಡವಾಗಿ ಒಣಗುತ್ತದೆ. ಬೆಂಕಿಯ ಕಾಲವೂ ಹಾಗೇ ತಡವಾಗಿ, ಎಲ್ಲವೂ ಗರಿಗರಿಯಾದ ಹೊತ್ತಿಗೆ, ಜೋರಾಗಿ ಬರುತ್ತದೆ. ಮರ ಸತ್ತರೆ ಬಿಸಿಲು, ಬಿಸಿಲು ಬಿದ್ದರೆ ಹುಲ್ಲು, ಹುಲ್ಲು ಹೆಚ್ಚಿದರೆ ಮತ್ತೆ ಬೆಂಕಿ. ಈ ಗಾಣವನ್ನು ಪರಿಸರ ವಿಜ್ಞಾನಿಗಳು 1992ರಿಂದ ಹುಲ್ಲು–ಬೆಂಕಿಯ ಚಕ್ರ ಎಂದು ಕರೆಯುತ್ತ ಬಂದಿದ್ದಾರೆ. 2023ರ ಆಗಸ್ಟ್ 8ರಂದು ಹವಾಯಿಯ ಲಾಹೈನಾ ಪಟ್ಟಣ ಸುಟ್ಟು ಸುಮಾರು ನೂರು ಜನ ಸತ್ತರಲ್ಲ, ಅಲ್ಲೂ ಪಾಳುಬಿದ್ದ ಕಬ್ಬಿನ ತೋಟಗಳನ್ನು ತುಂಬಿಕೊಂಡಿದ್ದದ್ದು ಆಫ್ರಿಕಾದ ಹುಲ್ಲುಗಳು, ಗಿನಿ ಹುಲ್ಲು ಸೇರಿ. ಬೋಳಾದ ನೆಲವನ್ನು ಯಾರೂ ನೋಡಿಕೊಳ್ಳದಿದ್ದರೆ ಹುಲ್ಲು ನೋಡಿಕೊಳ್ಳುತ್ತದೆ.

ಮದ್ದು ಬೇಡ, ಮುಹೂರ್ತ ಬೇಕು

ಕಾಂಗ್ರೆಸ್ ಗಿಡ 1955ರ ಹೊತ್ತಿಗೆ ಪುಣೆಯಲ್ಲಿ ಕಾಣಿಸಿಕೊಂಡು ದೇಶವೆಲ್ಲ ಹಬ್ಬಿದಾಗ, ಮೆಕ್ಸಿಕೋದಿಂದ ಅದನ್ನು ತಿನ್ನುವ ದುಂಬಿಯನ್ನು ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ನರಿಬಾಲಕ್ಕೂ ಅಂಥದೊಂದು ಹುಳ ತರಬಾರದೇ ಎಂದು ಮೇಷ್ಟ್ರನ್ನು ಕೇಳಿದೆ. "ತರಬಹುದು. ಆದರ ಆ ಹುಳಕ್ಕ ಇದು ನರಿಬಾಲ, ಅದು ಸಜ್ಜಿ ಅಂತ ಹೇಳಾವ್ರ್ಯಾರು? ನಿಮ್ಮ ಅವ್ವಗೇ ಗೊತ್ತಾಗಲಿಲ್ಲ" ಅಂದರು. ಹುಲ್ಲಿನ ನೆಂಟರೆಲ್ಲ ನಮ್ಮ ತಟ್ಟೆಯಲ್ಲಿರುವವರು: ಸಜ್ಜೆ, ಜೋಳ, ನವಣೆ, ಕಬ್ಬು. ಹುಲ್ಲಿನ ಮೇಲೆ ಹುಳ ಬಿಡುವ ಧೈರ್ಯ ಸುಲಭಕ್ಕೆ ಬರುವುದಿಲ್ಲ.

ಉಳಿಯುವ ದಾರಿಗಳು ಸಣ್ಣವು, ಆದರೆ ಗಟ್ಟಿ. ತೆನೆ ಹೊರಬೀಳುವ ಮೊದಲು, ಉತ್ತರೆಯಲ್ಲಿ ಒಮ್ಮೆ ಕೊಯ್ದು, ಚಿಗುರಿದ್ದನ್ನು ಹಸ್ತ–ಚಿತ್ತೆಯ ನಡುವೆ ಮತ್ತೊಮ್ಮೆ ಕೊಯ್ಯುವುದು. ಆಗ ಪರಾಗವೂ ಇಲ್ಲ, ಬೀಜವೂ ಇಲ್ಲ, ಹೋಳಿಯ ಹೊತ್ತಿಗೆ ಉರುವಲೂ ಕಡಿಮೆ. ಕೊಯ್ದ ಹಸಿರು ತಬೇಲಾದ ಎಮ್ಮೆಗಾದೀತು. ತೆನೆ ಬಲಿತ ಮೇಲೆ ಯಂತ್ರ ಆಡಿಸದೆ ತಲೆ ಕತ್ತರಿಸಿ ಚೀಲಕ್ಕೆ ಹಾಕುವುದು. ಬೆಂಕಿ ಹಚ್ಚದಿರುವುದು. ಒಂದೆರಡು ಬುಡ ಕಂಡಾಗಲೇ, ಮಣ್ಣು ಹಸಿಯಾಗಿರುವಾಗ ಬೇರು ಸಮೇತ ಕೀಳುವುದು. ಎಲ್ಲಕ್ಕಿಂತ ಮುಖ್ಯ, ಇಳಿಜಾರಿಗೆ ಮರದ ನೆರಳು ಮರಳಿ ತರುವುದು. ಕಟ್ಟರ್ ಅದೇ, ಕೂಲಿ ಅದೇ, ಬಿಲ್ಲೂ ಅದೇ. ಬದಲಾಗಬೇಕಾದ್ದು ಟೆಂಡರಿನ ತಾರೀಖು ಮಾತ್ರ.

ಅವ್ವ ಊರಿಗೆ ಹೊರಡುವ ಹಿಂದಿನ ದಿನ ನನ್ನ ಲೋಟದ ತೆನೆಗಳು ಒಣಗಿ ನಿಂತಿದ್ದವು. ಹೊಸದಾಗಿ ಬಲಿತದ್ದೊಂದನ್ನು ವಾಕಿಂಗಿಗೆ ಹೋದಾಗ ಅವಳೇ ಕಿತ್ತು ತಂದಿದ್ದಳು. ಬಾಲ್ಕನಿಯಲ್ಲಿ ಕೂತು ಅದನ್ನು ಅಂಗೈಗೆ ಸುರಿದುಕೊಂಡು, ಇನ್ನೊಂದು ಅಂಗೈಯಿಂದ ತಿಕ್ಕಿ, ಹೊಲದಲ್ಲಿ ಎಳೆ ಸಜ್ಜೆಯನ್ನು ಹಸನು ಮಾಡುವಂತೆ ಹಗುರಾಗಿ ಊದಿದಳು. ಹೊಟ್ಟು ಹಾರಿ ಕಾಳು ಉಳಿಯಬೇಕು. ಏನೂ ಉಳಿಯಲಿಲ್ಲ. ಎಲ್ಲ ಮೂರನೇ ಮಹಡಿಯಿಂದ ತೇಲುತ್ತ ಕೆಳಗಿಳಿಯಿತು.

"ಇದರಾಗ ಏನೂ ಇಲ್ಲಲ್ಲೋ" ಅಂದಳು, ಖಾಲಿ ಕೈ ನೋಡುತ್ತ. ನಾನು ಏನೆಂದು ಹೇಳಲಿ?

ಈ ವರ್ಷ ಉತ್ತರೆ ಹತ್ತಿದ ವಾರ ಅವಳ ಫೋನು ಬಂತು. ಊರಲ್ಲಿ ಮಳೆ ಹೇಗಿದೆ, ಸಜ್ಜೆ ಎಷ್ಟೆತ್ತರ ಬಂದಿದೆ ಎಂದೆಲ್ಲ ಹೇಳಿ ಮುಗಿಸಿ, ಕೊನೆಗೆ ಕೇಳಿದಳು: "ನಾ ಅವತ್ತ ಊದಿದ್ದು ಕೆಳಗ ಹುಟ್ಟೇತೇನು?"

ಹುಟ್ಟಿತ್ತು. ಬಾಲ್ಕನಿಯ ನೇರ ಕೆಳಗೆ, ಕಾಂಪೌಂಡಿನ ಒಳಮಗ್ಗುಲಿಗೆ, ಆರು ಬುಡ. ಇನ್ನೂ ಬರೇ ಹಸಿರು, ಬೇರೆ ಹುಲ್ಲಿನಂತೆಯೇ. ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದೆ.